ಸಾರಿಸದೆ ಬಿಟ್ಟ ಗೋಡೆ

ಹೋದ ವಾರ ಸೊರಬದಿಂದ ಶಿಕಾರಿಪುರಕ್ಕೆ ಬಸ್ಸಿನಲ್ಲಿ ಹೊರಟಿದ್ದೆ. ನಾದಿನಿ ಮನೆಯಲ್ಲಿ ಊಟಕ್ಕೆ ಕರೆದಿದ್ದರು, ಬೈಕು ಕೈಕೊಟ್ಟಿತ್ತು. ದಾರಿಯಲ್ಲಿ ಒಂದು ಕಲ್ಲು ಕ್ವಾರಿಯ ಹತ್ತಿರ ಕೆಂಪು ಬಾವುಟ ಹಿಡಿದವನೊಬ್ಬ ಬಸ್ಸನ್ನು ನಿಲ್ಲಿಸಿದ. ಸೈರನ್ ಕೂಗಿತು, ಗುಡ್ಡದ ಹಿಂದೆ ಧಡ್ ಅಂತ ಸದ್ದಾಯಿತು, ಸ್ವಲ್ಪ ಹೊತ್ತಿಗೆ ಕಿಟಕಿಯಿಂದ ಮದ್ದಿನ ಹೊಗೆಯ ವಾಸನೆ ಒಳಗೆ ಬಂತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗು ಮೂಗಿಗೆ ಒತ್ತಿಕೊಂಡಳು. ನಾನು ಮೂಗು ಅರಳಿಸಿ ಎಳೆದುಕೊಂಡೆ. ಇವನಿಗೆ ತಲೆ ಸರಿ ಇಲ್ಲ ಅನ್ನುವ ಹಾಗೆ ಆಕೆ ನನ್ನನ್ನು ನೋಡಿದಳು. ಏನು ಮಾಡಲಿ, ಆ ವಾಸನೆಯಲ್ಲೇ ಇಷ್ಟು ವರ್ಷ ಅನ್ನ ತಿಂದವನು ನಾನು. ಬಸ್ಸು ಹೊರಟ ಮೇಲೂ ನನ್ನ ತಲೆಯಲ್ಲಿ ಒಂದೇ ಒಂದು ಚಳಿಗಾಲ ತಿರುಗುತ್ತಿತ್ತು.

ಐದಾರು ವರ್ಷದ ಹಿಂದಿನ ಮಾತು. ಉತ್ತರದ ಕಡೆಯ ಒಂದು ಚಿನ್ನದ ಗಣಿಯಲ್ಲಿ ನೆಲದೊಳಗೆ ಬಂಡೆ ಸಿಡಿಸುವ ತಂಡದಲ್ಲಿದ್ದೆ. ಸೊರಬದಲ್ಲಿದ್ದ ಹೆಂಡತಿ ಫೋನು ಮಾಡಿದಾಗಲೆಲ್ಲ "ಸಾಕು ಬನ್ನಿ ಮಾರಾಯ್ರೆ, ಮೇಲೂ ಭೂಮಿ ಇದೆ" ಅನ್ನುತ್ತಿದ್ದಳು. ಅದೇ ಹೊತ್ತಿಗೆ ನಮ್ಮ ಕಡೆಯೇ ಒಂದು ಸುರಂಗದ ಕೆಲಸ ಶುರುವಾಯಿತು. ಗುಡ್ಡದ ಈಚೆ ಶಿಕಾರಿಪುರ ತಾಲೂಕು, ಆಚೆ ಸೊರಬ ತಾಲೂಕು. ಆಚೆಗಿನ ಕೆರೆಗಳಿಗೆ ನೀರು ಹಾಯಿಸಲು ಗುಡ್ಡದ ಹೊಟ್ಟೆಯಲ್ಲಿ ತೂತು ಕೊರೆಯುವುದು. ಅರ್ಜಿ ಹಾಕಿದೆ, ಸಿಕ್ಕಿತು. ಆದರೆ ಬಂಡೆ ಸಿಡಿಸುವ ಕೆಲಸ ಕೊಡಲಿಲ್ಲ. ಸಿಡಿಸಿದಾಗ ಮೇಲಿನ ಊರು ಎಷ್ಟು ನಡುಗುತ್ತದೆ ಅಂತ ಅಳೆಯುವ ಕೆಲಸ ಕೊಟ್ಟರು. ಹೆಂಡತಿ ನಕ್ಕಿದ್ದೇ ನಕ್ಕಿದ್ದು. "ಇಷ್ಟು ದಿನ ನಡುಗಿಸೋ ಕೆಲಸ, ಈಗ ನಡುಗ್ತಾ ಅಂತ ವಿಚಾರಿಸೋ ಕೆಲಸನಾ? ಅದಕ್ಕೂ ಸಂಬಳ ಕೊಡ್ತಾರಾ?" ಅಂದಳು. ನನಗೆ ಸಿಟ್ಟು ಬಂದಿತ್ತು. ನನಗೆ ಸಿಟ್ಟು ಬೇಗ ಬರುತ್ತದೆ, ಈ ಕಥೆಯಲ್ಲಿ ಅದರಿಂದ ಆದ ಅನಾಹುತವೂ ಇದೆ.

ಸುರಂಗದ ನೆತ್ತಿಯ ಮೇಲೆ ಒಂದು ಹಳ್ಳಿ, ಅವರ ಗದ್ದೆಗಳಿಗೂ ಆ ಕೆರೆಗಳ ನೀರೇ ಬರಬೇಕಿತ್ತು. ಹೆಸರು ಬೇಡ, ಅಲ್ಲಿಯವರಿಗೆ ಗೊತ್ತಾಗುತ್ತದೆ. ಆಗ ಭತ್ತದ ಕೊಯ್ಲು ಮುಗಿದಿತ್ತು, ಡಾಂಬರು ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಹರವಿದ್ದರು. ಬೆಳಿಗ್ಗೆ ಮಂಜಿನಲ್ಲಿ ಬೈಕು ಓಡಿಸಿಕೊಂಡು ಹೋದರೆ ಮೀಸೆಯೆಲ್ಲ ಒದ್ದೆ. ಮೊದಲ ದಿನ ನಡುಕ ಅಳೆಯುವ ಮೀಟರ್ ಎಲ್ಲಿಡಬೇಕು ಅಂತ ಊರಿನವರನ್ನು ಸೇರಿಸಿ ಕೇಳಿದೆ. ನಮ್ಮ ಮನೆಯಲ್ಲಿಡಿ ಅಂತ ಕೆಲವರು, ನಮ್ಮ ಮನೆಯಲ್ಲಿ ಬೇಡವೇ ಬೇಡ ಅಂತ ಕೆಲವರು. ಕೊನೆಗೆ ಊರಿನ ಹಿರಿಯರಾದ ರುದ್ರೇಗೌಡರು ಎದ್ದು ನಿಂತರು.

"ಒಬ್ರ ಮನೇಲಿಟ್ರೆ ಇನ್ನೊಬ್ರಿಗೆ ಸಿಟ್ಟು. ಬಸವಣ್ಣನ ಗುಡಿ ಕಟ್ಟೆ ಎಲ್ರದೂ ಅಲ್ವೇನ್ರೋ? ಅಲ್ಲೇ ಇಡ್ಲಿ. ದೇವ್ರ ಮುಂದೆ ಮೀಟ್ರೂ ಸುಳ್ಳು ಹೇಳಂಗಿಲ್ಲ."

ಎಲ್ಲರೂ ಹೂಂ ಅಂದರು. ನಕ್ಷೆಯಲ್ಲಿ ನೋಡಿದರೂ ಸುರಂಗದ ಮುಖಕ್ಕೆ, ಅಂದರೆ ದಿನಾ ಮದ್ದು ಸಿಡಿಸುವ ಜಾಗಕ್ಕೆ, ಊರಿನಲ್ಲಿ ಎಲ್ಲಕ್ಕಿಂತ ಹತ್ತಿರ ಆ ಕಟ್ಟೆಯೇ. ಅಲ್ಲಿ ಕಡಿಮೆ ಬಂದರೆ ಉಳಿದ ಕಡೆ ಇನ್ನೂ ಕಡಿಮೆ ಅಂತ ನಾನೂ ಲೆಕ್ಕ ಹಾಕಿದೆ. ಮೀಟರ್ ಇಟ್ಟು ಮೇಲೊಂದು ಮರಳಿನ ಚೀಲ ಹೇರಿದೆ. ಮಾರನೆಯ ದಿನ ಹೋಗಿ ನೋಡಿದರೆ ಚೀಲದ ಮೇಲೆ ವಿಭೂತಿ, ಎರಡು ಸೇವಂತಿಗೆ ಹೂವು.

ದಿನಕ್ಕೆ ಎರಡು ಸಲ ಮದ್ದು, ಒಂದು ಬೆಳಿಗ್ಗೆ, ಒಂದು ಮಧ್ಯಾಹ್ನ ಊಟ ಆದ ಮೇಲೆ. ಕಟ್ಟೆಯ ಮೇಲಿನ ಮೀಟರಿನಲ್ಲಿ ಅಂಕಿ ಏಳುತ್ತಲೇ ಇರಲಿಲ್ಲ. ಕಟ್ಟೆಯಲ್ಲಿ ಕೂತ ಮುದುಕರು "ಆತೇನು? ಈಗ ಆಗಿದ್ದೇ ಅದಾ?" ಅಂತ ಕೇಳುತ್ತಿದ್ದರು. ನನಗೆ ಸುಖವಾಗಿತ್ತು. ಇಳಿಬಿಸಿಲು, ಹುರಿದ ಶೇಂಗಾ, ಯಾರದ್ದೋ ಮನೆಯಿಂದ ಬರುವ ಚಹಾ. ಗಣಿಯ ಸೆಕೆಯಲ್ಲಿ ಬೆಂದವನಿಗೆ ಇದು ಸ್ವರ್ಗ ಅನಿಸಿಬಿಟ್ಟಿತ್ತು.

ಅದೇ ಹೊತ್ತಿಗೆ ಕಮಲವ್ವ ಬಂದರು.

ಐವತ್ತು ದಾಟಿದ ಹೆಂಗಸು. ಗಂಡ ತೀರಿಕೊಂಡು ವರ್ಷಗಳಾಗಿದ್ದವು, ಎರಡು ಎಕರೆ ಜಮೀನು ತಾವೇ ನೋಡಿಕೊಳ್ಳುತ್ತಿದ್ದರು. ಈಸೂರಿಗೆ ಕೊಟ್ಟಿದ್ದ ಒಬ್ಬಳೇ ಮಗಳು ರೂಪಾ ಹೆರಿಗೆಗೆ ಬಂದಿದ್ದಳು, ಹೆಣ್ಣುಮಗು ಹುಟ್ಟಿ ಕೆಲವೇ ದಿನ ಆಗಿತ್ತು. ಕಮಲವ್ವ ನೇರ ಕಟ್ಟೆಗೆ ಬಂದು ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತರು.

"ಸಾಹೇಬ್ರೆ, ನೀವು ಇಲ್ಲಿ ಶೇಂಗಾ ತಿಂತಾ ಕುಂತೀರಿ. ಅಲ್ಲಿ ನನ್ನ ಬಾಣಂತಿ ಕೋಣೆ ಗೋಡೆ ಬಿರೀತಾ ಐತೆ. ದಿನಕ್ಕೆ ಎರಡು ಸಲ ಎಳೇ ಕೂಸು ಎತ್ಕಂಡು ಥಂಡಿಯೊಳಗೆ ಅಂಗಳಕ್ಕೆ ಓಡ್ತೀವಿ. ಗೋಡೆ ಬಿದ್ರೆ ಏನ್ ಗತಿ?"

ಅವರ ಮನೆ ಇರುವುದು ಊರಿನ ಕೆಳಗಿನ ತುದಿಯಲ್ಲಿ, ಸುರಂಗದ ಮುಖದಿಂದ ಕಟ್ಟೆಗಿಂತ ದೂರ. ಹತ್ತಿರದ ಕಟ್ಟೆ ಅಲುಗದಿರುವಾಗ ದೂರದ ಮನೆ ಬಿರಿಯುವುದು ಹೇಗೆ? ಗೌಡರು "ಹೋಗವ್ವಾ, ಹಳೇ ಗೋಡೆ, ಎಲ್ಲಾ ಮನೇಲೂ ಬಿರೀತಾವೆ. ನೀರು ಬರೋದು ತಪ್ಪಿಸಬ್ಯಾಡ" ಅಂದರು. ಆದರೂ ಮಾರನೆಯ ದಿನ ಹತ್ತು ಗಂಟೆಗೆ ಬಂದು ನೋಡುತ್ತೇನೆ ಅಂದೆ. ಹೋದೆ. ಮಣ್ಣಿನ ಗೋಡೆ ಕೆಂಪಗೆ, ನುಣ್ಣಗೆ, ಒಂದು ಗೆರೆಯೂ ಇಲ್ಲ. ಬಿರುಕು ಎಲ್ಲಿ ಅಂತ ಕೇಳಿದರೆ "ಇಲ್ಲೇ, ಈ ಮೂಲೆಯಿಂದ ಈ ಮೂಲೆಗೆ" ಅಂತ ಬೆರಳಿನಲ್ಲಿ ತೋರಿಸಿದರು. ನನಗೆ ಏನೂ ಕಾಣಲಿಲ್ಲ. ನಾಲ್ಕು ದಿನ ಬಿಟ್ಟು ಮತ್ತೆ ಜಗಳಕ್ಕೆ ಬಂದರು, ಮತ್ತೆ ಹೇಳಿ ಹೋದೆ, ಮತ್ತೆ ಅದೇ ನುಣುಪು ಗೋಡೆ. ಆಗ ನನ್ನ ಸಿಟ್ಟು ನೆತ್ತಿಗೇರಿತು.

"ಏನಮ್ಮಾ, ನಮಗೆ ಬೇರೆ ಕೆಲಸ ಇಲ್ಲ ಅಂದ್ಕೊಂಡ್ರಾ? ಇಲ್ಲದ ಬಿರುಕು ಎಲ್ಲಿಂದ ತರ್ಲಿ ನಾನು?" ಅಂತ ಬಾಣಂತಿಯ ಎದುರೇ ಕೂಗಾಡಿಬಿಟ್ಟೆ. ಮಗು ಬೆಚ್ಚಿ ಅತ್ತಿತು. ಕಮಲವ್ವ ಬಾಗಿಲವರೆಗೆ ಬಂದು ನಾನು ಚಪ್ಪಲಿ ಹಾಕಿಕೊಳ್ಳುವವರೆಗೂ ನಿಂತಿದ್ದರು. ಆ ಮುಖ ನೆನಪಾದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಸುರಂಗದಲ್ಲಿ ಮದ್ದು ತುಂಬಿ ಸಿಡಿಸುವ ಮೇಸ್ತ್ರಿ ಹನುಮಂತಪ್ಪ, ನನ್ನ ಜೊತೆ ಗಣಿಯಲ್ಲಿದ್ದವನೇ. ನಾನು ಇಲ್ಲಿಗೆ ಬಂದ ಮೇಲೆ ಅವನನ್ನೂ ಕರೆಸಿಕೊಂಡಿದ್ದೆ. ಒಂದು ವಾರ ಕಳೆದ ಮೇಲೆ ಅವನ ಜೊತೆ ಊಟಕ್ಕೆ ಕೂತಾಗ, ನೋಡಪ್ಪಾ ಹೀಗೊಬ್ಬ ಹೆಂಗಸು ಅಂತ ಹೇಳಿಕೊಂಡೆ. ಅವನು ರೊಟ್ಟಿ ಮುರಿಯುತ್ತಾ ಸಹಜವಾಗಿ ಅಂದ:

"ಮುಖದಾಗ ಬಂಡಿಗಲ್ಲು ಪುಡಿಪುಡಿ ಆಗಾಕ ಹತ್ತೈತ್ರಿ. ನೀರೂ ಜಿನುಗಾಕತ್ತೈತಿ. ಮುಂದ ಫಾಲ್ಟ್ ಐತಿ ಅನಸ್ತೈತಿ. ಗಣ್ಯಾಗ ಮದ್ದು ಹಾರಿಸೂ ಮುಂದ ನಾವು ಎಲ್ಲಿ ಕುಂದರತಿದ್ವಿ, ನೆನಪೈತಿಲ್ರೀ?"

ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ನೆನಪಿಲ್ಲದೆ ಏನು! ಗಣಿಯ ಆಳದ ಒಂದು ಅಂತಸ್ತಿನಲ್ಲಿ ಅಂಥದ್ದೊಂದು ಫಾಲ್ಟ್ ಇತ್ತು. ಯಾವುದೋ ಕಾಲದಲ್ಲಿ ಬಂಡೆ ಸೀಳಿ, ಒಂದು ಮಗ್ಗುಲು ಜಾರಿ, ನಡುವೆ ಅರೆದ ಮಣ್ಣು ತುಂಬಿಕೊಂಡ ಪಟ್ಟಿ. ಪುಸ್ತಕದಲ್ಲಿ ಸ್ತರಭಂಗ ಅಂತ ಬರೆಯುತ್ತಾರೆ. ಮದ್ದು ಸಿಡಿಸುವಾಗ ನಾವು ಆ ಪಟ್ಟಿ ದಾಟಿ ಆಚೆ ಹೋಗಿ ಕೂರುತ್ತಿದ್ದೆವು. ಅಷ್ಟು ಹತ್ತಿರ ಕೂತರೂ ಕೈಯಲ್ಲಿನ ಚಹಾ ತುಳುಕುತ್ತಿರಲಿಲ್ಲ. ಈಚೆ, ಮದ್ದು ಸಿಡಿಯುವ ಕಡೆಯಲ್ಲೇ, ಅದಕ್ಕಿಂತ ಎಷ್ಟೋ ದೂರದಲ್ಲಿದ್ದ ಪಂಪಿನ ಕೋಣೆಯ ಗಾರೆ ಮಾತ್ರ ತಿಂಗಳಿಗೊಮ್ಮೆ ಉದುರುತ್ತಿತ್ತು. ಕಾರಣ ಕಷ್ಟದ್ದೇನಲ್ಲ. ಸಿಡಿತದ ನಡುಕ ಗಟ್ಟಿ ಬಂಡೆಯಲ್ಲಿ ಓಡುತ್ತದೆ, ಅರೆದ ಮಣ್ಣಿನ ಪಟ್ಟಿ ಸಿಕ್ಕಿದ ಕೂಡಲೇ ಅಲ್ಲಿ ಒಂದು ಪಾಲು ಸಾಯುತ್ತದೆ, ಒಂದು ಪಾಲು ಗೋಡೆಗೆ ಎಸೆದ ಚೆಂಡಿನ ಹಾಗೆ ಬಂದ ಕಡೆಗೇ ಹಿಂತಿರುಗುತ್ತದೆ. ಆಚೆಯವರಿಗೆ ಉಳಿದದ್ದು ಮಾತ್ರ. ಈಚೆಯವರಿಗೆ ಹೋಗುವಾಗ ಒಂದು ಪೆಟ್ಟು, ಬರುವಾಗ ಇನ್ನೊಂದು. ಇದನ್ನು ಹೊಸಬರಿಗೆ ಪಾಠ ಹೇಳಿದವನೇ ನಾನು! ಮೇಲೆ ಬಿಸಿಲಿಗೆ ಬಂದು ಶೇಂಗಾ ತಿನ್ನುತ್ತಾ ಕೂತ ಮೇಲೆ ಎಲ್ಲ ಮರೆತುಹೋಗಿತ್ತು.

ಆ ಸಂಜೆ ಕಟ್ಟೆಯ ಮುದುಕರನ್ನು ಕೇಳಿದೆ, ಊರಿನಲ್ಲಿ ನೀರು ಬಂದ ಬೋರ್‌ವೆಲ್ ಎಲ್ಲೆಲ್ಲಿವೆ ಅಂತ. "ಅಯ್ಯೋ, ಅವೆಲ್ಲಾ ಒಂದೇ ಸಾಲಿಗೆ ಅದಾವೆ ನೋಡ್ರಿ. ಹುಣಸೆಮರದಿಂದ ಹಳ್ಳದ ತಿರುವಿನತನಕ. ಅದು ಬಿಟ್ಟು ಆ ಕಡೆ ಕೊರೆದ್ರೂ ಧೂಳು, ಈ ಕಡೆ ಕೊರೆದ್ರೂ ಧೂಳು" ಅಂದರು. ನೀರು ನಿಲ್ಲುವುದು ಒಡೆದ ಬಂಡೆಯಲ್ಲಿ. ನಕ್ಷೆಯ ಮೇಲೆ ಬೋರ್‌ವೆಲ್ಲುಗಳನ್ನು ಗುರುತು ಹಾಕಿ ಪೆನ್ಸಿಲ್ಲಿನಲ್ಲಿ ಕೂಡಿಸಿದೆ. ಗೆರೆ ಊರನ್ನು ಸೀಳಿಕೊಂಡು ಹೋಯಿತು. ಬಸವಣ್ಣನ ಕಟ್ಟೆ ಗೆರೆಯ ಆಚೆ. ಸುರಂಗದ ಮುಖ ಗೆರೆಯ ಈಚೆ. ಕಮಲವ್ವನ ಮನೆಯೂ ಈಚೆ. ಯಾರಿಗೂ ಬೇಜಾರಾಗಬಾರದು ಅಂತ ಇಡೀ ಊರು ಒಪ್ಪಿ ಆರಿಸಿದ ಜಾಗ, ನಡುಕವೇ ತಲುಪದ ಜಾಗ.

ಮಾರನೆಯ ಬೆಳಿಗ್ಗೆ ಹೇಳದೆ ಕೇಳದೆ ಕಮಲವ್ವನ ಮನೆಗೆ ಹೋದೆ. ಮಂಜು ಇನ್ನೂ ಬಿಟ್ಟಿರಲಿಲ್ಲ. ಬಾಗಿಲು ತೆರೆದಿತ್ತು. ಒಳಗೆ ನೋಡಿದರೆ ಕಮಲವ್ವ ಬಾಣಂತಿ ಕೋಣೆಯ ಗೋಡೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದಾರೆ. ಪಕ್ಕದಲ್ಲಿ ಒಂದು ಬಾಣಲಿ, ಅದರಲ್ಲಿ ಸಗಣಿ, ಕೆಮ್ಮಣ್ಣು ಕಲಸಿದ್ದು. ಗೋಡೆಯಲ್ಲಿ ಮೇಲಿನ ಮೂಲೆಯಿಂದ ಕೆಳಗಿನ ಮೂಲೆಗೆ ಬಿರುಕು, ನನ್ನ ಬೆರಳು ಹೋಗುವಷ್ಟು. ಅರ್ಧ ಬಿರುಕು ಆಗಲೇ ಮುಚ್ಚಿ ಸಾರಿಸಿಯಾಗಿತ್ತು.

"ಅಯ್ಯೋ ಅಕ್ಕಾ, ಏನ್ ಮಾಡ್ತಿದೀರಿ!" ಅಂದೆ.

ಅವರು ಗಾಬರಿಯಾಗಿ ಎದ್ದು ಮಣ್ಣಿನ ಕೈ ಹಿಂದೆ ಮಾಡಿಕೊಂಡರು. "ಸಾರಿಸ್ತಾ ಇದ್ದೆ. ದಿನಾ ಸಾರಿಸ್ತೀನಿ, ದಿನಾ ಬಿರೀತೈತೆ."

"ನಾನು ಬರೋ ದಿನಾನೂ ಸಾರಿಸಿದ್ರಾ?"

"ಮತ್ತೇನ್ರೀ? ಸಾಹೇಬ್ರು ಮನೆಗೆ ಬರ್ತಾರಂದ್ರೆ ಗೋಡೆ ಹಂಗೇ ಬಿಡಕ್ಕಾಗ್ತೈತಾ? ಆ ದಿನ ಇನ್ನೊಂದು ಕೈ ಜಾಸ್ತಿನೇ ಹಾಕಿದ್ದೆ. ಏನಂದ್ಕಂತೀರಿ ನೀವು, ಬಾಣಂತಿ ಕೋಣೆ ಇಷ್ಟು ಗಲೀಜು ಇಟ್ಕಂಡಾಳೆ ಅಂತ!"

ನನಗೆ ನಗು ಬಂತು, ನಗುತ್ತಾ ನಗುತ್ತಾ ಕಣ್ಣು ಒದ್ದೆಯಾಯಿತು. ಮಂಚದ ಮೇಲಿದ್ದ ರೂಪಾ "ನಾನು ಹೇಳ್ದೆ ಸರ್, ಸಾರಿಸಬ್ಯಾಡ ಅಂತ. ನನ್ನ ಮಾತು ಎಲ್ಲಿ ಕೇಳ್ತಾಳೆ" ಅಂದಳು. ನಾನು ಅವತ್ತು ಕೂಗಾಡಿದ್ದಕ್ಕೆ ತಪ್ಪಾಯಿತು ಅಂದೆ. ಕಮಲವ್ವ ಅದನ್ನು ಕಿವಿಗೇ ಹಾಕಿಕೊಳ್ಳದೆ ಚಹಾ ಇಡಲು ಹೋದರು.

ಅವತ್ತು ಮೀಟರನ್ನು ಕಟ್ಟೆಯಿಂದ ಎತ್ತಿ ತಂದು ಆ ಕೋಣೆಯ ನೆಲದ ಮೇಲಿಟ್ಟೆ. ಮಧ್ಯಾಹ್ನದ ಮದ್ದಿಗೆ ಅಂಕಿ ಎಷ್ಟು ಏರಿತೆಂದರೆ ಮೀಟರ್ ಕೆಟ್ಟಿದೆಯೇನೋ ಅಂತ ತಟ್ಟಿ ನೋಡಿದೆ. ತೊಲೆಯಿಂದ ಮಣ್ಣು ಉದುರಿ ನನ್ನ ತಲೆಯ ಮೇಲೆ ಬಿತ್ತು. ತಕ್ಷಣ ನಮ್ಮ ಚೀಫ್ ಇಂಜಿನಿಯರಿಗೆ ಫೋನು ಮಾಡಿದೆ. ಒಳ್ಳೆಯ ಮನುಷ್ಯ, ನಿಧಾನಸ್ಥ, ಆದರೆ ಕಾಗದ ಇಲ್ಲದೆ ಒಂದು ಹೆಜ್ಜೆ ಇಡುವವರಲ್ಲ.

"ಮದ್ದು ಕಡಿಮೆ ಮಾಡಿದ್ರೆ ಕೆಲಸ ನಿಧಾನ ಆಗುತ್ತೆ, ಮಳೆಗಾಲದೊಳಗೆ ಕೆರೆಗೆ ನೀರು ಹೋಗ್ದಿದ್ರೆ ಇದೇ ಊರಿನವರು ನನ್ನನ್ನ ಹಿಡಿದು ಕೇಳ್ತಾರೆ. ಒಂದು ರೀಡಿಂಗ್ ಸಾಲಲ್ಲಪ್ಪ. ಮೂರು ದಿನದ ರೀಡಿಂಗ್ ಕೊಡು, ಪ್ರತಿ ಸಲ ಬಿರುಕಿನ ಫೋಟೋ ಕೊಡು. ಬಿರುಕನ್ನ ಯಾರೂ ಮುಟ್ಟಬಾರದು. ಆ ಮೂರು ದಿನ ಮದ್ದು ಅರ್ಧ ಹಾಕ್ರಿ. ಆಮೇಲೆ ನಾನೇ ಬರ್ತೀನಿ" ಅಂದರು.

ಮೂರು ದಿನ ಗೋಡೆ ಮುಟ್ಟಬಾರದು. ಇದನ್ನು ಹೇಳಿದಾಗ ಕಮಲವ್ವನ ಮುಖ ಬಿಳುಚಿಕೊಂಡಿತು. ಎರಡನೆಯ ದಿನವೇ ಮಗುವನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ. ಈಸೂರಿನಿಂದ ಬೀಗರು ಬರುವವರಿದ್ದರು.

"ಬೀಗ್ತಿ ಮೊದ್ಲೇ ಚುಚ್ಚಿ ಮಾತಾಡೋಳು ತಮ್ಮಾ. 'ನನ್ನ ಸೊಸೆ, ಮೊಮ್ಮಗಳನ್ನ ಇಂಥ ಗೋಡೆ ಬುಡಕ್ಕೆ ಮಲಗಿಸ್ಯಾಳೆ' ಅಂತ ಅಂದ್ರೆ ನಾನು ಎಲ್ಲಿ ಮುಖ ಇಟ್ಕಳ್ಲಿ? ಅವತ್ತೇ ಗಾಡಿ ಹತ್ತಿಸ್ಕಂಡು ಹೋಗ್ತಾಳೆ."

ಬಾಣಂತಿಯ ಮಂಚವನ್ನು ಎದುರು ಗೋಡೆಗೆ ಸರಿಸಿದೆವು, ಬಿರುಕಿನ ಗೋಡೆಗೆ ಸೈಟಿನಿಂದ ಮರದ ದಿಮ್ಮಿ ತಂದು ಆಸರೆ ಕೊಟ್ಟೆವು. ಕಮಲವ್ವ ಬಾಣಲಿ ಹಿಡಿದುಕೊಂಡು ತುಂಬಾ ಹೊತ್ತು ಗೋಡೆಯನ್ನು ನೋಡುತ್ತಾ ನಿಂತಿದ್ದರು. ಆಮೇಲೆ ಬಾಣಲಿಯ ಮಣ್ಣನ್ನು ಹಿತ್ತಲಿಗೆ ಸುರಿದು ಕೈ ತೊಳೆದುಕೊಂಡರು. "ಆಗ್ಲಿ. ಮೂರು ದಿನ ಮಾನ ಹೋದ್ರೆ ಹೋಗ್ಲಿ, ಕೂಸು ಉಳೀಲಿ" ಅಂದರು.

ತೊಟ್ಟಿಲು ಶಾಸ್ತ್ರದ ದಿನ ನಾನೂ ಇದ್ದೆ, ರೀಡಿಂಗ್ ನೆಪದಲ್ಲಿ. ಬೀಗಿತ್ತಿ ಒಳಗೆ ಬಂದವರೇ ಮಗುವನ್ನು ಆಮೇಲೆ ನೋಡಿದರು, ಗೋಡೆಯನ್ನು ಮೊದಲು ನೋಡಿದರು. "ಇದೇನ್ರೀ ಕಮಲವ್ವಾರೆ, ಗೋಡೆ ಹಿಂಗೆ ಬಾಯಿ ಬಿಟ್ಟೈತೆ?" ಅಂತ ಎಲ್ಲರಿಗೂ ಕೇಳುವ ಹಾಗೆ ಅಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಕಮಲವ್ವ ತಲೆ ಎತ್ತಿ ಹೇಳಿದರು:

"ಅದು ಸರ್ಕಾರಿ ಅಳತೆ ಬೀಗ್ರೆ. ಮುಟ್ಟಂಗಿಲ್ಲ. ಇಡೀ ಊರಲ್ಲಿ ನಮ್ಮ ಮನೇನೇ ಆರಿಸ್ಯಾರೆ. ಕೂಸಿನ ಸಲುವಾಗಿ ಇಂಜಿನಿಯರೇ ದಿನಾ ಬಂದು ಕುಂದ್ರತಾರೆ ನೋಡ್ರಿ."

ಬೀಗಿತ್ತಿ ನನ್ನನ್ನು, ಮೀಟರನ್ನು, ದಿಮ್ಮಿಯನ್ನು ಒಂದೊಂದಾಗಿ ನೋಡಿದರು. "ಹೌದೇನು? ನಮ್ಮೂರಿಗೂ ಒಂದು ಹಾಕಿಸ್ರಿ ಹಂಗಾದ್ರೆ" ಅಂದರು. ತಿನ್ನುತ್ತಿದ್ದ ಹೋಳಿಗೆ ನೆತ್ತಿಗೆ ಹತ್ತಿ ನಾನು ಕೆಮ್ಮಿದೆ.

ಮೂರನೆಯ ದಿನ ಚೀಫ್ ಬಂದರು. ಫೋಟೋ ನೋಡಿದರು, ರೀಡಿಂಗ್ ನೋಡಿದರು, ಬೋರ್‌ವೆಲ್ಲುಗಳ ಸಾಲಿನ ಮೇಲೆ ಟೋಪಿ ಹಾಕಿಕೊಂಡು ಬಿಸಿಲಿನಲ್ಲಿ ನಡೆದು ನೋಡಿದರು, ಕೊನೆಗೆ ಬಿರುಕಿನಲ್ಲಿ ತಮ್ಮದೇ ಬೆರಳು ಹಾಕಿದರು. ಅರ್ಧ ಮದ್ದಿಗೂ ಅದು ಬೆಳೆದಿತ್ತು. ಅಲ್ಲೇ ಜಗಲಿಯಲ್ಲಿ ಕೂತು ಆದೇಶ ಬರೆದರು. ಫಾಲ್ಟ್ ದಾಟುವವರೆಗೂ ಮುಖವನ್ನು ಎರಡು ಪಾಲು ಮಾಡಿ ಒಂದೊಂದಾಗಿ ಒಡೆಯಬೇಕು, ಬಂಡೆಗೆ ಕೊರೆದ ರಂಧ್ರಕ್ಕೆ ತುಂಬುವ ಮದ್ದು ಇನ್ನೂ ಇಳಿಸಬೇಕು, ಎಲ್ಲ ರಂಧ್ರಗಳೂ ಒಂದೇ ಏಟಿಗೆ ಹಾರದೆ ಕಣ್ಣೆವೆ ಮಿಟುಕಿಸುವಷ್ಟು ಹೊತ್ತು ಬಿಟ್ಟು ಬಿಟ್ಟು ಒಂದರ ಹಿಂದೊಂದು ಹಾರಬೇಕು. ಗೌಡರು ಮುಖ ಗಂಟು ಹಾಕಿಕೊಂಡರು, ನೀರು ತಡವಾಗುತ್ತದಲ್ಲ ಅಂತ. ಮುಂದೆ ಏನಾಯಿತು ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಶಿವರಾತ್ರಿ ಹೊತ್ತಿಗೆ ಸುರಂಗ ಆ ಪಟ್ಟಿಯನ್ನು ದಾಟಿ ಆಚೆ ಹೋಯಿತು. ಹೋದದ್ದೇ ತಡ, ಕಮಲವ್ವನ ಮನೆ ತಣ್ಣಗಾಯಿತು, ಗೆರೆಯ ಆಚೆಗಿದ್ದ ಗೌಡರ ಮನೆಯ ಪಾತ್ರೆ ಗಲಗಲ ಅನ್ನತೊಡಗಿತು. ಗೌಡರು ಬೆಳಿಗ್ಗೆ ಬೆಳಿಗ್ಗೆಯೇ ನನ್ನನ್ನು ಹುಡುಕಿಕೊಂಡು ಬಂದು "ಮೀಟ್ರು ನಮ್ಮನೇಲಿಡ್ರಿ" ಅಂದರು. ಇಟ್ಟೆವು. ಮದ್ದನ್ನು ಅಲ್ಲೂ ಅದೇ ಹದದಲ್ಲಿ ಇಟ್ಟೆವು, ಯಾರ ಮನೆಯೂ ಬೀಳಲಿಲ್ಲ. ನೀರು ಒಂದು ಮಳೆಗಾಲ ತಡವಾಗಿ ಬಂತು, ಬಂದ ಮೇಲೆ ಯಾರೂ ಆ ತಡದ ಮಾತೆತ್ತಲಿಲ್ಲ.

ಆದರೆ ನಾನು ಮರೆಯದ ದಿನ ಆದೇಶ ಬಂದ ಮಾರನೆಯ ದಿನ, ಹೊಸ ಹದದ ಮೊದಲ ಮದ್ದು. ಹನುಮಂತಪ್ಪ ತಾನೇ ಕೂತು ರಂಧ್ರ ತುಂಬಿದ್ದ, ನಾನು ಲೆಕ್ಕವನ್ನು ನಾಲ್ಕು ಸಲ ತಾಳೆ ನೋಡಿದ್ದೆ. ಕಮಲವ್ವನ ಮನೆಗೆ ಹೋಗಿ "ಅಕ್ಕಾ, ಇನ್ನು ಭಯ ಇಲ್ಲ, ನಡುಕ ಗೋಡೆಗೆ ತಾಗಂಗಿಲ್ಲ" ಅಂದೆ. ಹೇಳಿ, ಅಭ್ಯಾಸದಂತೆ ಅವರನ್ನು ಅಂಗಳಕ್ಕೆ ಕಳಿಸಲು ಬಾಗಿಲ ಪಕ್ಕ ಸರಿದು ನಿಂತೆ. ಸೈರನ್ ಕೂಗಿತು. ಯಾರೂ ಏಳಲಿಲ್ಲ.

"ಏಳ್ರಿ ಅಕ್ಕಾ, ಟೈಮಾಯ್ತು."

"ಯಾಕೆ? ಭಯ ಇಲ್ಲ ಅಂದ್ರಲ್ಲ" ಅಂದರು ಕಮಲವ್ವ. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಬೆಚ್ಚನೆಯ ಎಣ್ಣೆ ನೆತ್ತಿಗೆ ತಟ್ಟಿ ಮಲಗಿಸಿದ್ದರು. "ನೀವು ಹೇಳಿದ ಮೇಲೆ ಮುಗೀತು. ಥಂಡಿಗೆ ಯಾಕೆ ಒಯ್ಯಲಿ?"

ರೂಪಾ ಹೊದಿಕೆ ಎಳೆದುಕೊಂಡು ಅಲ್ಲೇ ಕೂತಳು. ಎರಡನೆಯ ಸೈರನ್ ಆಯಿತು. ಗಣಿಯೊಳಗೆ ಎಷ್ಟೋ ಸಲ ಬಂಡೆ ಉದುರುವುದನ್ನು ನೋಡಿದ್ದೇನೆ, ಅಷ್ಟು ಹೆದರಿರಲಿಲ್ಲ. ಲೆಕ್ಕ ಸರಿಯಿದೆ ಅಂತ ಗೊತ್ತಿತ್ತು. ಆದರೂ ಓಡಿಹೋಗಿ ಆ ಗೋಡೆಗೆ ಬೆನ್ನು ಕೊಟ್ಟು ನಿಂತೆ. ನಾನು ಒತ್ತಿ ಹಿಡಿದರೆ ಗೋಡೆ ನಿಲ್ಲುತ್ತದೆ ಅನ್ನುವ ಹಾಗೆ! ಕೆಳಗೆ ಎಲ್ಲೋ ದೂರದಲ್ಲಿ ದಬದಬದಬ ಅಂತ ಸಣ್ಣಗೆ ಒಂದರ ಹಿಂದೊಂದು ಸದ್ದು ಉರುಳಿಹೋಯಿತು. ಬೆನ್ನಿಗೆ ಏನೂ ತಿಳಿಯಲಿಲ್ಲ. ತೊಲೆಯಿಂದ ಒಂದು ಚೂರು ಮಣ್ಣೂ ಬೀಳಲಿಲ್ಲ.

"ಇಷ್ಟೇನಾ?" ಅಂದರು ಕಮಲವ್ವ.

ಜೇಬಿನಲ್ಲಿ ಫೋನು ಬಡಿದುಕೊಂಡಿತು. ಚೀಫ್. "ಏನಪ್ಪಾ, ರೀಡಿಂಗ್ ಎಷ್ಟು ಬಂತು?" ಅಂತ ಕೇಳಿದರು. ನೆಲದ ಮೇಲಿನ ಮೀಟರನ್ನು ನೋಡಿದೆ. ಗಾಬರಿಯಲ್ಲಿ ಅದನ್ನು ಆನ್ ಮಾಡುವುದನ್ನೇ ಮರೆತಿದ್ದೆ. ಕಮಲವ್ವನ ತೊಡೆಯ ಕಡೆ ನೋಡಿದೆ.

"ಮಗು ಎದ್ದಿಲ್ಲ ಸರ್" ಅಂದೆ.

ಚೀಫ್ "ಸರಿ, ಅದನ್ನೇ ಬರ್ಕೊ" ಅಂದರು.